ಅಜ್ಜಿಯ ಅಕ್ಕನ ಸಾವು, 1948ರ ಶವ ಮಹಜರು ಎಲ್ಲಿ ಸಿಗಬಹುದು?

ಪುತ್ತೂರು ಮೊಮ್ಮಗಳು:

ಎಲ್ರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಇರೋದು, ಅಮ್ಮನ ಕಡೆಯವರು ದಕ್ಷಿಣ ಕನ್ನಡ, ಈಗಿನ ಸುಳ್ಯ ತಾಲೂಕಿನ ಒಂದು ಗ್ರಾಮ. ಎರಡು ವರ್ಷದಿಂದ ಮನೆಯವರ ವಂಶವೃಕ್ಷ ಬರೀತಾ ಇದ್ದೀನಿ, ಏಳು ತಲೆಮಾರು ಸಿಕ್ಕಿದೆ, ಆದ್ರೆ ಒಂದು ಹೆಸರಿನ ಹತ್ರ ಬಂದು ಕೈ ನಿಂತು ಹೋಗಿದೆ.

ನನ್ನ ಅಜ್ಜಿಗೆ ಒಬ್ಬಳು ಅಕ್ಕ ಇದ್ಳು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು, ಮದುವೆ ಆಗಿತ್ತು, ಬಾವಿಗೆ ಬಿದ್ದು ಹೋದ್ಳು ಅಂತ ಅಷ್ಟೇ ಎಲ್ರೂ ಹೇಳೋದು. (ದೊಡ್ಡಜ್ಜಿ ಅನ್ಬೇಕು ನಿಜ, ಆದ್ರೆ ನನ್ನ ಮಗಳಿಗಿಂತ ಚಿಕ್ಕವಳು ಅವಳು, ಬಾಯಿಗೆ ಬರಲ್ಲ.) ಒಂದು ಫೋಟೋ ಇಲ್ಲ. ಯಾವ ವರ್ಷ ಅಂತ ಕೇಳಿದ್ರೆ "ಗಾಂಧೀಜಿ ಹೋದ ವರ್ಷದ ಆಟಿ, ಅಮಾಸೆ ಆಗಿ ಎರಡು ಮೂರು ದಿನ" ಅಂತಿದ್ರು ಅಜ್ಜಿ (ಆಟಿ ಅಂದ್ರೆ ತುಳು ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ). ಹೋದ ವರ್ಷ ಅಜ್ಜಿ ತೀರ್ಕೊಂಡ್ರು. ಅದಕ್ಕೆ ಒಂದು ವಾರ ಮುಂಚೆ ನಾನು ಕಾಲು ಒತ್ತುತ್ತಾ ಕೂತಿದ್ದಾಗ ಅವರಾಗೇ ಹೇಳಿದ್ರು, "ಅಕ್ಕ ಜಾರಿ ಬಿದ್ದದ್ದಲ್ಲ" ಅಂತ. ಆಮೇಲೆ ಎಷ್ಟು ಕೇಳಿದ್ರೂ ಗೋಡೆ ಕಡೆ ತಿರುಗಿ ಮಲಗಿದ್ರು.

ಆಗ ಪೊಲೀಸ್ ಬಂದಿದ್ರು, ಪಟೇಲರು ಬಂದು ಬರ್ಕೊಂಡು ಹೋದ್ರು ಅಂತ ಮಾವಂದಿರಿಗೆ ಯಾರೋ ಹೇಳಿದ ನೆನಪಿದೆ. ಹಾಗಿದ್ರೆ ಪಂಚನಾಮೆ, ಅಂದ್ರೆ ಹೆಣ ನೋಡಿ ಸಾಕ್ಷಿಗಳ ಎದುರು ಬರೆಯೋ ಶವ ಮಹಜರು, ಅಂತ ಒಂದು ಇರ್ಲೇಬೇಕಲ್ವಾ? ಆ ಕಡೆಯ ಒಂದು ಸ್ಟೇಷನ್ನಿಗೆ ಹೋಗಿ ಕೇಳಿದೆ, ಮರ್ಯಾದೆಯಿಂದಲೇ ಮಾತಾಡಿದ್ರು, ಆದ್ರೆ "ಅಷ್ಟು ಹಳೇದು ಎಲ್ಲಿಂದ ತರೋದು ಮೇಡಂ" ಅಂದ್ರು. ಅಲ್ಲಿಗೆ ಮುಗೀತಾ? ಯಾರಾದ್ರೂ ಇಂಥ ಕಾಗದ ಹುಡುಕಿ ಪಡೆದವರು ಇದ್ದೀರಾ? ದಯವಿಟ್ಟು ದಾರಿ ಹೇಳಿ.

ರೆಕಾರ್ಡ್ ರೂಮ್ ಮಾಷ್ಟ್ರು:

ನೋಡಿ ತಂಗಿ, ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಇದ್ದು ರಿಟೈರ್ ಆದವ, ಹೆಚ್ಚಿನ ಸರ್ವಿಸ್ ರೆಕಾರ್ಡ್ ರೂಮಲ್ಲೇ ಕಳೆದದ್ದು. ನೀವು ಮೊದಲು ಹೋದದ್ದೇ ತಪ್ಪು ಜಾಗಕ್ಕೆ. ಎಲ್ರೂ ಹಾಗೇ ಮಾಡುದು, ಶವ ಪಂಚನಾಮೆ ಅಂದ ಕೂಡ್ಲೆ ಸ್ಟೇಷನ್. ಆದ್ರೆ ಆ ಕಾಗದ ಸ್ಟೇಷನ್ನಲ್ಲಿ ಇರ್ಲಿಕ್ಕೆ ಬರೆದದ್ದೇ ಅಲ್ಲ, ಮೇಲೆ ಮ್ಯಾಜಿಸ್ಟ್ರೇಟರಿಗೆ ಕಳಿಸ್ಲಿಕ್ಕೆ ಬರೆದದ್ದು. ಅದು ಹೋದ ದಾರಿ ಹಿಡ್ಕೊಂಡು ನೀವೂ ಹೋಗ್ಬೇಕು.

1948ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿ ಇತ್ತು, 1956ರ ತನಕ. ಆಗ ಇದ್ದದ್ದು 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್, ಅದರ 174ನೇ ಕಲಮಿನಲ್ಲಿ ಇಂಥ ಸಾವಿನ ವಿಚಾರಣೆ. (ಈಗ 2024 ಜುಲೈಯಿಂದ ಹೊಸ ಸಂಹಿತೆಯಲ್ಲಿ 194 ಆಗಿದೆ, ಅರ್ಜಿ ಬರೆಯುವಾಗ ಹಳೇ ನಂಬರೇ ಹಾಕಿ.) ಅದೇ ಕಲಮಿನಲ್ಲಿ ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತ್ಯಕ್ಕೆ ಮಾತ್ರ ಅಂತ ಒಂದು ಮಾತು ಉಂಟು, ಊರಿನ ಮುಖ್ಯಸ್ಥನೇ ಈ ವಿಚಾರಣೆ ಮಾಡಿ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ವರದಿ ಕೊಡ್ಬಹುದು ಅಂತ. ನಿಮ್ಮ ಮಾವ ಹೇಳಿದ "ಪಟೇಲರು ಬರ್ಕೊಂಡು ಹೋದ್ರು" ಅನ್ನುದು ಸರಿಯಾದ ಮಾತು. ಊರಿನ ಆಳು ಉಗ್ರಾಣಿ ಓಡಿ ಹೋಗಿ ಪಟೇಲರಿಗೆ ಹೇಳುದು, ಪಟೇಲರು ಬರುದು, ಶ್ಯಾನುಭಾಗರು ಬರೆಯುದು, ನೆರೆಕರೆಯ ಇಬ್ಬರು ಮೂವರು ದಸ್ಕತ್ತು ಹಾಕುದು. ಪೊಲೀಸ್ ಆಮೇಲೆ ಬಂದಿರ್ಬಹುದು, ಆಟಿ ಮಳೆಯಲ್ಲಿ ಹೊಳೆ ದಾಟಿ ಬರ್ಬೇಕಲ್ಲ.

ಇನ್ನು ನಿಮ್ಮ ತಾರೀಕು. ಗಾಂಧೀಜಿ ಹೋದದ್ದು 1948 ಜನವರಿ 30, ಹಾಗಾದ್ರೆ ಅದೇ ವರ್ಷದ ಆಟಿ. ಆ ವರ್ಷ ಆಟಿ ಅಮಾಸೆ ಬಿದ್ದದ್ದು ಆಗಸ್ಟ್ 5ರ ಹತ್ತಿರ. ಅಲ್ಲಿಗೆ ನಿಮಗೆ ಆಗಸ್ಟ್ 6ರಿಂದ 9ರ ಒಳಗೆ ಅಂತ ಸಿಕ್ಕಿತು. ಅಜ್ಜಿ ಎಷ್ಟು ಚೆಂದ ನೆನಪಿಟ್ಟಿದ್ರು ನೋಡಿ, ಇದಕ್ಕಿಂತ ಒಳ್ಳೆ ಸುಳಿವು ಬೇಡ. ಆಗಿನ ಕಂದಾಯ ಪುಸ್ತಕಗಳಿಗೆ ಫಸಲಿ ವರ್ಷ ಇರ್ತದೆ, ಇಸವಿಯಿಂದ 590 ಕಳೀರಿ, ಜುಲೈ 1ಕ್ಕೆ ಸುರು. ಅಂದ್ರೆ ಫಸಲಿ 1358. ರೆಕಾರ್ಡ್ ರೂಮಿನವರ ಹತ್ರ 1948 ಅಂತ ಕೇಳಿದ್ರೆ ತಲೆ ಆಡಿಸ್ತಾರೆ, 1358 ಅಂದ್ರೆ ಎದ್ದು ಹೋಗಿ ನೋಡ್ತಾರೆ.

ಹುಡುಕುವ ಕ್ರಮ ನಾನಾದ್ರೆ ಹೀಗೆ ಮಾಡ್ತೇನೆ. ಮಹಜರು ಆಮೇಲೆ, ಮೊದಲು ಮರಣ ರಿಜಿಸ್ಟರ್. ಹಳೇ ಗ್ರಾಮದ ಜನನ ಮರಣ ಪುಸ್ತಕಗಳಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಲ್ಲಿ ಕೇಳ್ಬೇಕು. 1963 ಫೆಬ್ರವರಿಯಲ್ಲಿ ಪಟೇಲ ಶ್ಯಾನುಭಾಗ ಹುದ್ದೆ ಹೋದಾಗ ಅವರ ಮನೆಯಲ್ಲಿದ್ದ ಪುಸ್ತಕ ಎಲ್ಲ ಕಚೇರಿಗೆ ಒಪ್ಪಿಸ್ಬೇಕಾಗಿತ್ತು, ಕೆಲವರು ಒಪ್ಪಿಸಿದ್ರು, ಕೆಲವರ ಅಟ್ಟದಲ್ಲಿ ಈಗ್ಲೂ ಉಂಟು. ಹಾಗಾಗಿ ಹಳೇ ಪಟೇಲರ ಮನೆಗೂ ಒಮ್ಮೆ ಹೋಗಿ ಬನ್ನಿ, ಸಂಕೋಚ ಬೇಡ. ಆಗ ಸುಳ್ಯ ಬೇರೆ ತಾಲೂಕು ಅಲ್ಲ, ಪುತ್ತೂರಿನದ್ದೇ ಭಾಗ, ಸುಳ್ಯದಲ್ಲಿ ಇಲ್ಲ ಅಂದ್ರೆ ಪುತ್ತೂರಲ್ಲಿ ಕೇಳದೆ ಬಿಡ್ಬೇಡಿ.

ಅವಳ ಹೆಸರು ಹಿಡ್ಕೊಂಡು ಹುಡುಕಬೇಡಿ. ಹೆಂಗಸರ ಹೆಸರು ಸರಿಯಾಗಿ ಬರೆದದ್ದು ಕಡಿಮೆ. "ಇಂಥವರ ಕೋಂ", ಅಂದ್ರೆ ಹೆಂಡತಿ, ಅಂತ ಗಂಡನ ಹೆಸರಲ್ಲಿ, ಇಲ್ಲಾ ತಂದೆಯ ಹೆಸರಲ್ಲಿ, ಅಳಿಯಕಟ್ಟಿನ (ತಾಯಿ ಕಡೆಯಿಂದ ವಂಶ ಲೆಕ್ಕ ಹಾಕುವ) ಮನೆಯಾದ್ರೆ ಯಜಮಾನ ಮಾವನ ಹೆಸರಲ್ಲಿ ಇರ್ಬಹುದು. ಮನೆ ಹೆಸರು ನೋಡಿ.

ಅದು ಸಿಕ್ಕಿದ ಮೇಲೆ ಪುತ್ತೂರು ಎಸಿ (ಅಸಿಸ್ಟೆಂಟ್ ಕಮಿಷನರ್) ಕಚೇರಿ. ಮ್ಯಾಜಿಸ್ಟ್ರೇಟ್ ಕಡತ ಇದ್ರೆ ಆ ಬದಿಯಲ್ಲಿ. ಮಾಹಿತಿ ಹಕ್ಕಿನಲ್ಲಿ ಹಾಕಿ, 10 ರೂಪಾಯಿ ಶುಲ್ಕ, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಕೊಡ್ಬೇಕು. ಕಡತ ಇಲ್ಲ ಅಂದ್ರೆ ಅಷ್ಟಕ್ಕೆ ಬಿಡ್ಬೇಡಿ, ಯಾವಾಗ ನಾಶ ಮಾಡಿದ್ರು, ನಾಶ ಮಾಡಿದ ಕಡತಗಳ ಪಟ್ಟಿಯ ಆ ಪುಟದ ನಕಲು ಕೊಡಿ ಅಂತ ಇನ್ನೊಂದು ಅರ್ಜಿ ಹಾಕಿ. ಆ ಪಟ್ಟಿ ಹುಡುಕ್ಲಿಕ್ಕೆ ಹೋದಾಗ ಕಡತವೇ ಸಿಕ್ಕಿದ್ದು ನಾನು ಕಣ್ಣಾರೆ ನೋಡಿದ್ದೇನೆ.

ಮದ್ರಾಸಿನ ಎಗ್ಮೋರಿನಲ್ಲಿ ಇರುವ ಪತ್ರಾಗಾರಕ್ಕೆ ಹೋಗಿ ಅಂತ ಯಾರಾದ್ರೂ ಹೇಳಿಯಾರು. ಒಳ್ಳೆ ಜಾಗ, ಆದ್ರೆ ಅಲ್ಲಿ ಇರುದು ಸರಕಾರದ ಮಟ್ಟದ ಆದೇಶಗಳು. ಹಳ್ಳಿಯ ಬಾವಿ ಸಾವು ಅಲ್ಲಿ ತನಕ ಹೋಗುದಿಲ್ಲ, ಯಾರಾದ್ರೂ ದೂರು ಕೊಟ್ಟು ಗಲಾಟೆ ಆಗಿದ್ರೆ ಮಾತ್ರ.

ಧಾರವಾಡ ಕಡೆಯವ:

ಮಾಷ್ಟ್ರು ಛಲೋ ಹೇಳ್ಯಾರ. ನಮ್ಮ ಕಡೆ ಮುಂಬೈ ಪ್ರಾಂತ್ಯ ಇತ್ತಲ್ರೀ, ಹೆಸರು ಬ್ಯಾರೆ, ಕೆಲಸ ಅದ. 1867ರ ಗ್ರಾಮ ಪೊಲೀಸ್ ಕಾಯ್ದೆ ಪ್ರಕಾರ ಊರಾಗ ಯಾರರ ಅಚಾನಕ್ ಸತ್ತರ ಪೊಲೀಸ್ ಪಾಟೀಲ ಇಬ್ಬರು ಮೂವರು ತಿಳಿವಳಿಕಿ ಇದ್ದವರನ್ನ ಕೂಡಿಸಿ ಪಂಚನಾಮಿ ಮಾಡಬೇಕಾಗಿತ್ತು. ಇಲ್ಲೆ ಒಂದು ಸೂಕ್ಷ್ಮ ಅದ, ಊರಾಗ ಕಂದಾಯ ನೋಡೂ ಮುಲ್ಕಿ ಪಾಟೀಲ ಬ್ಯಾರೆ, ಪೊಲೀಸ್ ಪಾಟೀಲ ಬ್ಯಾರೆ ಇರತಿದ್ರು. ನಾನು ಒಂದ ವರ್ಷ ಮುಲ್ಕಿ ಪಾಟೀಲರ ಮನಿಗೆ ಅಡ್ಡಾಡಿ ಕಾಲ ಹಾಳ ಮಾಡಿದೆ, ಕಾಗದ ಇದ್ದದ್ದು ಇನ್ನೊಬ್ಬರ ಮನ್ಯಾಗ.

ನಮ್ಮ ಮುತ್ತಜ್ಜ 1936ರಾಗ ಹೊಲದಾಗ ಹಾವು ಕಡದು ಸತ್ತಾನ. ಪಾಟೀಲರ ಮೊಮ್ಮಗ ಒಂದು ಬಟ್ಟಿ ಗಂಟು ಬಿಚ್ಚಿ ಕೊಟ್ರು, ಅದರಾಗ ಪಂಚನಾಮಿ ಕರಡು ಇತ್ತು. ಅರ್ಧ ಮೋಡಿ ಅಕ್ಷರ (ಮರಾಠಿ ಬರೀತಿದ್ದ ಹಳೆ ಲಿಪಿ), ಅರ್ಧ ಕನ್ನಡ. ಮೋಡಿ ಓದಲಿಕ್ಕೆ ಒಬ್ಬ ಹಿರ್ಯಾರನ್ನ ಹುಡಿಕಿ ಎರಡು ಮಧ್ಯಾಹ್ನ ಕುಂತ್ವಿ. ನಮ್ಮ ಮನ್ಯಾಗ ಆ ಮುತ್ತಜ್ಜನ ಬಗ್ಗೆ ಗೊತ್ತಿದ್ದದ್ದು ಒಂದ ಮಾತು, "ಹಾವು ಕಡದು ಸತ್ತ". ಆ ಕಾಗದದಾಗ ಏನ ಇತ್ತು ಗೊತ್ತೇನ್ರೀ? ಹೆಣ ಎಡಮಗ್ಗಲಾ ಮಲಗ್ಯದ, ತಲಿ ಬನ್ನಿ ಗಿಡದ ಬೊಡ್ಡಿ ಕಡೆ ಅದ, ಮೈಮ್ಯಾಲೆ ಒಂದು ಹಳೆ ಧೋತರ, ಕೊರಳಾಗ ಲಿಂಗ, ಬಲಗಾಲ ಹಿಂಬಡದ ಮ್ಯಾಲೆ ಎರಡು ಹಲ್ಲಿನ ಗುರ್ತು, ಗುರ್ತಿನ ಮ್ಯಾಲೆ ಗೇಣುದ್ದ ಬಿಟ್ಟು ಅರಿವಿ ಹರದು ಬಿಗದು ಕಟ್ಟ್ಯದ. ಬಾಜೂಕ ಬುತ್ತಿ ಗಂಟು, ಅದರಾಗ ಎರಡು ರೊಟ್ಟಿ, ಉಳ್ಳಾಗಡ್ಡಿ, ಮುಟ್ಟಿಲ್ಲ.

ಎರಡು ರೊಟ್ಟಿ ಮುಟ್ಟಿಲ್ಲ ಅಂತ ಓದಿದಾಗ ನಮ್ಮ ಅಪ್ಪ, ಎಪ್ಪತ್ತೆಂಟು ವರ್ಷದ ಮನುಷ್ಯಾ, ಗಳಗಳ ಅತ್ತ. ಅಜ್ಜ ತಾನ ಅರಿವಿ ಹರದು ಕಟಗೊಂಡಿದ್ದ ಅಂದ್ರ ಬದುಕಬೇಕು ಅಂತ ಧಡಪಡಿಸ್ಯಾನ, ಯಾರೂ ಇದ್ದಿಲ್ಲ ಬಾಜೂಕ. ನೂರು ವರ್ಷದ ಹತ್ರ ಬಂತು, ನಮ್ಮ ಮನ್ಯಾಗ ಯಾರಿಗೂ ಅದು ಗೊತ್ತಿದ್ದಿಲ್ಲ.

ಅದಕ್ಕ ಹೇಳತೀನಿ ಅಕ್ಕಾರ, ನೀವು ಹುಡುಕೂದು ಬಿಡಬ್ಯಾಡ್ರಿ.

ಮಲೆನಾಡ ಅಮ್ಮ:

ನಾನು ವಯಸ್ಸಾದವಳು, ತಪ್ಪು ತಿಳ್ಕೋಬೇಡ ಮಗಾ. ಕೆದಕೋದು ಬೇಕಾ ಅಂತ ಒಂದ್ಸಲ ಕೂತು ಯೋಚನೆ ಮಾಡು. ನಮ್ಮನೇಲೂ ಹಿಂಗೇ ಒಂದು ಆಗಿತ್ತು, ಚಿಕ್ಕಮ್ಮ, ಕೆರೆ. ಆ ಮನೆಯವರ ಮೊಮ್ಮಕ್ಕಳು ಈಗ ನಮ್ಮ ಜತೆ ಚೆನ್ನಾಗಿದ್ದಾರೆ, ಮದುವೆ ಮುಂಜಿಗೆ ಬರ್ತಾರೆ, ಹೋಗ್ತಾರೆ. ಕಾಗದ ತಂದು ಎದುರಿಗಿಟ್ರೆ ಅವರೇನು ಮಾಡ್ಬೇಕು? ನಿಮ್ಮಜ್ಜಿ ಅಷ್ಟು ವರ್ಷ ಬಾಯಿ ಮುಚ್ಕೊಂಡಿದ್ರು ಅಂದ್ರೆ ಅವರಿಗೆ ಒಂದು ಕಾರಣ ಇತ್ತು.

ಪುತ್ತೂರು ಮೊಮ್ಮಗಳು:

ಅಮ್ಮ, ತಪ್ಪು ತಿಳ್ಕೊಂಡಿಲ್ಲ, ಇದನ್ನ ನಾನೂ ರಾತ್ರಿ ಎಲ್ಲ ಯೋಚನೆ ಮಾಡಿದ್ದೀನಿ. ಯಾರ ಮೇಲೂ ಕೇಸು ಹಾಕೋಕೆ ಅಲ್ಲ, ಆ ಮನೆಯವರಿಗೆ ಕಾಗದ ತೋರ್ಸೋದೂ ಇಲ್ಲ. ಆದ್ರೆ ಅಜ್ಜಿ ಕೊನೇ ವಾರ ಬಾಯಿ ಬಿಟ್ರಲ್ಲ, ಅದು ನನಗೆ ಕೊಟ್ಟು ಹೋದ ಹಾಗೆ ಅನ್ಸುತ್ತೆ. ನಮ್ಮ ವಂಶವೃಕ್ಷದಲ್ಲಿ ಅವಳ ಚೌಕದಲ್ಲಿ ಹುಟ್ಟಿದ ವರ್ಷ ಇಲ್ಲ, ಗಂಡನ ಹೆಸರು ಇಲ್ಲ, "ಬಾವಿ" ಅಂತ ಒಂದು ಪದ ಇದೆ ಅಷ್ಟೇ. ಹಾಗೆ ಬಿಡೋಕೆ ಮನಸ್ಸು ಬರ್ತಿಲ್ಲ.

ಮೈಸೂರು ವಕೀಲ:

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ ಮೇಡಂ, ಮಹಜರು ಸಿಕ್ಕಿದ್ರೂ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಇರುತ್ತೆ ಅಂತ ಅಂದ್ಕೋಬೇಡಿ. ನನ್ನ ಕೆಲಸದಲ್ಲಿ ಇಂಥ ಕಾಗದ ನೂರಾರು ಓದಿದ್ದೀನಿ. ಪಂಚರು ಅಂದ್ರೆ ಯಾರು? ಅಕ್ಕಪಕ್ಕದವರು, ಎಷ್ಟೋ ಸಲ ನೆಂಟರೇ, ನಾಳೆ ಅದೇ ಮನೆಗೆ ಕೆಲಸಕ್ಕೆ ಹೋಗೋವ್ರು, ಅದೇ ಗದ್ದೆ ಗೇಣಿಗೆ ಮಾಡೋವ್ರು. ಸತ್ತಿದ್ದು ಹೇಗೆ ಅನ್ನೋ ಕಡೆ "ನೀರು ಸೇದುವಾಗ ಕಾಲು ಜಾರಿ" ಅಂತ ಬರೆದ್ರೆ ಎಲ್ಲರಿಗೂ ಸಲೀಸು. ಬೇರೆ ಏನಾದ್ರೂ ಬರೆದ್ರೆ ಹೆಣ ಕೊಯ್ಯಿಸ್ಬೇಕು, ಪ್ರೇರಣೆ ಕೊಟ್ಟವರು ಯಾರು ಅಂತ ವಿಚಾರಣೆ, ಊರೆಲ್ಲಾ ಮಾತು.

ಹಾಗಾಗಿ ಕಾರಣದ ಸಾಲು ಬಿಟ್ಟು ಉಳಿದ ಸಾಲು ಓದಿ. ಮಾಷ್ಟ್ರು ಹೇಳಿದ 174ನೇ ಕಲಮಿನ ಪ್ರಕಾರ ಮೈಮೇಲಿನ ಗಾಯ, ಮೂಳೆ ಮುರಿದದ್ದು, ಕಂದಿದ ಗುರುತು ಎಲ್ಲಾ ಬರೀಲೇಬೇಕಾಗಿತ್ತು. ಬಾವಿ ಹತ್ರ ಕೊಡ ಇತ್ತಾ, ಹಗ್ಗ ಇತ್ತಾ, ಹೊತ್ತು ಎಷ್ಟು, ಮೊದಲು ನೋಡಿದವರು ಯಾರು, ತಾಳಿ ಮೈಮೇಲಿತ್ತಾ ಬಿಚ್ಚಿಟ್ಟಿದ್ಳಾ. ಕಾರಣ ಬರೆಯುವಾಗ ಕೈ ಬಿಗಿ ಹಿಡಿದವರು ವಸ್ತು ಬರೆಯುವಾಗ ಅಷ್ಟು ಯೋಚನೆ ಮಾಡಿರಲ್ಲ ಕಣ್ರೀ.

ಪೋಸ್ಟ್‌ಮಾರ್ಟಂ ಆಗಿರುತ್ತೆ ಅನ್ನೋ ಭರವಸೆ ಕಡಿಮೆ. ಸಂಶಯ ಇದ್ರೆ ಹೆಣ ಆಸ್ಪತ್ರೆಗೆ ಕಳಿಸ್ಬೇಕು ಅಂತ ಕಾನೂನು, ಆದ್ರೆ ಹವಾಮಾನ, ದೂರ ನೋಡ್ಕೊಂಡು, ದಾರೀಲಿ ಕೊಳೆತು ಪರೀಕ್ಷೆಗೇ ಉಪಯೋಗ ಇಲ್ಲದ ಹಾಗೆ ಆಗೋ ಅಪಾಯ ಇಲ್ದಿದ್ರೆ ಮಾತ್ರ ಅಂತಲೂ ಅದರಲ್ಲೇ ಇದೆ. ಆಗಸ್ಟ್ ತಿಂಗಳು, ಸುಳ್ಯದ ಕಡೆ ಕಾಡುದಾರಿ, ನೀವೇ ಊಹಿಸಿ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡ್ಕೊಂಡ್ರೆ ಅಥವಾ ಸಂಶಯ ಬರೋ ಹಾಗೆ ಸತ್ರೆ ಶವಪರೀಕ್ಷೆ ಆಗ್ಲೇಬೇಕು ಅನ್ನೋದು ಬಂದಿದ್ದು 1983ರ ತಿದ್ದುಪಡಿಯಲ್ಲಿ. ನಿಮ್ಮಜ್ಜಿಯ ಅಕ್ಕನ ಕಾಲಕ್ಕೆ ಆ ರಕ್ಷಣೆ ಇರಲೇ ಇಲ್ಲ, ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು, ಮಾಹಿತಿ ಹಕ್ಕಿನ ಅರ್ಜಿಗೆ "ಮೂರನೇ ವ್ಯಕ್ತಿಯ ಖಾಸಗಿ ಮಾಹಿತಿ" ಅಂತ ವಾಪಸ್ ಕಳಿಸಿದ್ರೆ ಮೇಲ್ಮನವಿ ಹಾಕಿ, ಕಾಯ್ದೆಯ 8(3) ತೋರ್ಸಿ. 20 ವರ್ಷಕ್ಕಿಂತ ಹಳೇ ಸಂಗತಿಗೆ ಆ ನೆಪ ಹೇಳೋಕೆ ಬರಲ್ಲ, ಮೂರು ವಿನಾಯಿತಿ ಬಿಟ್ರೆ ಉಳಿದದ್ದು ಕೊಡ್ಲೇಬೇಕು, ಇದು ಆ ಮೂರರಲ್ಲಿ ಬರಲ್ಲ.

ಮುಂಬೈ ತುಳುವ:

ನನ್ನದೂ ಸೇರಿಸ್ತೇನೆ, ನಮ್ಮವರು ಎಷ್ಟೋ ಜನ ಬೊಂಬಾಯಿಗೆ ಹೋಗಿ ಅಲ್ಲೇ ಸತ್ತವರು ಇದ್ದಾರಲ್ಲ, ಯಾರಿಗಾದ್ರೂ ಉಪಯೋಗ ಆಗ್ಲಿ. ಬೊಂಬಾಯಿ ನಗರದಲ್ಲಿ ಪಟೇಲ ಇಲ್ಲ, ಅಲ್ಲಿ ಕಾರೋನರ್ ಅಂತ ಬೇರೆಯೇ ಅಧಿಕಾರಿ, 1871ರ ಕಾಯ್ದೆ, ಜ್ಯೂರಿ ಕೂರಿಸಿ ವಿಚಾರಣೆ ಮಾಡ್ತಿದ್ರು, 1999ರಲ್ಲಿ ಆ ಹುದ್ದೆ ತೆಗೆದ್ರು. ನನ್ನ ಅಜ್ಜನ ತಮ್ಮ ಅಲ್ಲಿ ಹೋಟೆಲಲ್ಲಿ ಲೋಟ ತೊಳೆಯುವ ಹುಡುಗ, 1944 ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದ ದಿನದಿಂದ ಕಾಣೆ. ಹೆಣ ಸಿಗ್ಲಿಲ್ಲ, ಹೆಣ ಇಲ್ಲದೆ ವಿಚಾರಣೆ ಇಲ್ಲ, ವಿಚಾರಣೆ ಇಲ್ಲದೆ ಕಾಗದ ಇಲ್ಲ. ಅಲ್ಲಿನ ಹಳೇ ಇಂಗ್ಲಿಷ್ ಪೇಪರುಗಳಲ್ಲಿ ಕಾರೋನರ್ ಕೋರ್ಟಿನ ಸುದ್ದಿ ಹಾಕ್ತಿದ್ರು, ಅದನ್ನೂ ತಿಂಗಳುಗಟ್ಟಲೆ ನೋಡಿದೆ. ಅವನ ಹೆಸರು ಇಲ್ಲ. ನಿಮಗೆ ಪಟೇಲರು ಬಂದು ಬರ್ಕೊಂಡು ಹೋದ್ರು ಅನ್ನುವ ಒಂದು ಮಾತಾದ್ರೂ ಉಂಟಲ್ಲ, ಗಟ್ಟಿ ಹಿಡ್ಕೊಳ್ಳಿ.

ಪುತ್ತೂರು ಮೊಮ್ಮಗಳು (ನಾಲ್ಕು ತಿಂಗಳ ನಂತರ):

ತಡ ಆಯ್ತು ಬರೆಯೋಕೆ, ಕ್ಷಮಿಸಿ. ಮಾಷ್ಟ್ರು ಹೇಳಿದ ಹಾಗೇ ಮಾಡಿದೆ. ಮೂರು ಸಲ ಊರಿಗೆ ಹೋದೆ, ಮೂರನೇ ಸಲ ರೆಕಾರ್ಡ್ ರೂಮಲ್ಲಿ ಮರಣ ರಿಜಿಸ್ಟರ್ ಸಿಕ್ತು! ಅಂಚು ಗೆದ್ದಲು ತಿಂದಿದೆ, ಪುಟ ಮುಟ್ಟಿದ್ರೆ ಪುಡಿ. ಆಗಸ್ಟ್ 8ನೇ ತಾರೀಕು. ಅವಳ ಹೆಸರು ತಪ್ಪಾಗಿ ಬರೆದಿದ್ದಾರೆ, ಮನೆ ಹೆಸರಿಂದ ಗುರುತು ಹಿಡಿದೆ. ವಯಸ್ಸು 17. ಕಾರಣದ ಕಡೆ "ಬಾವಿಗೆ ಬಿದ್ದು" ಅಂತ ಇದೆ, ಜಾರಿ ಅಂತ ಇಲ್ಲ, ಹಾರಿ ಅಂತಲೂ ಇಲ್ಲ.

ಆದ್ರೆ ನಾನು ಬೆಚ್ಚಿದ್ದು ಇನ್ನೊಂದು ಕಡೆ. ಅದು ಗಂಡನ ಮನೆಯ ಗ್ರಾಮದ ಪುಸ್ತಕ ಅಲ್ಲ, ನಮ್ಮ ಗ್ರಾಮದ್ದು. ವರದಿ ಕೊಟ್ಟವರು ಅಂತ ಇರೋದು ನನ್ನ ಮುತ್ತಜ್ಜನ ಹೆಸರು, ಅವಳ ಅಪ್ಪ. ಅಂದ್ರೆ ಅವಳು ತವರಿಗೆ ಬಂದಿದ್ಳು. ನಮ್ಮ ಬಾವಿ ಅದು. ನಾನು ಚಿಕ್ಕವಳಿದ್ದಾಗ ರಜೆಯಲ್ಲಿ ಕಟ್ಟೆ ಮೇಲೆ ಕೂತು ಕಾಲಾಡಿಸ್ತಿದ್ದ ಬಾವಿ, ಅಜ್ಜಿ ಯಾವಾಗ್ಲೂ ಅಲ್ಲಿಂದ ಎಬ್ಬಿಸಿ ಕಳಿಸ್ತಿದ್ರು, ನೀರು ಸೇದೋಕೆ ಅವರು ಒಂದು ದಿನವೂ ಹೋಗಿದ್ದು ನಾನು ನೋಡಿಲ್ಲ. ಇಷ್ಟು ವರ್ಷ ಎಲ್ಲರೂ ಗಂಡನ ಮನೆ ಅಂತ ಅಂದ್ಕೊಂಡಿದ್ವಿ, ಯಾರೂ ಹಾಗಂತ ಹೇಳಿರಲಿಲ್ಲ, ನಾವೇ ಅಂದ್ಕೊಂಡಿದ್ದು. ಆಟಿಯಲ್ಲಿ ಹೊಸ ಮದುಮಗಳು ತವರಿಗೆ ಬರೋ ಪದ್ಧತಿ ಅಲ್ವಾ, ಅದು ನನಗೆ ಹೊಳೆದೇ ಇರ್ಲಿಲ್ಲ.

ಮಾಷ್ಟ್ರೇ, ಒಂದು ಕೇಳ್ಬೇಕು. ಷರಾ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ನಂಬರ್ ಇದೆ, ಅದರ ಹಿಂದೆ ಇಂಗ್ಲಿಷಿನಲ್ಲಿ ಒಂದಕ್ಷರ, ಆಮೇಲೆ ಡಿಸ್ ಅಂತ, ಮುಂದೆ 48. ಏನದು?

ರೆಕಾರ್ಡ್ ರೂಮ್ ಮಾಷ್ಟ್ರು:

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ ತಂಗಿ.

ಅದು ಮದ್ರಾಸ್ ಕಾಲದ ಡಿಸ್ಪೋಸಲ್ ನಂಬರ್, ಕಡತ ಮುಗಿಸಿದಾಗ ಕೊಡುದು. ಮರಣ ಪುಸ್ತಕದಲ್ಲಿ ಅದನ್ನು ಬರೀಬೇಕು ಅಂತ ಇಲ್ಲ, ಯಾರೋ ಮನಸ್ಸಿಟ್ಟು ಬರೆದಿದ್ದಾರೆ. ಅಂದ್ರೆ ಮ್ಯಾಜಿಸ್ಟ್ರೇಟರ ತನಕ ಹೋಗಿ ಆದೇಶ ಆದದ್ದು ಹೌದು. ಆ ಒಂದಕ್ಷರದಲ್ಲೇ ಎಲ್ಲ ಇರುದು. ಎಲ್ ಆದ್ರೆ ಒಂದು ವರ್ಷ ಇಟ್ಟು ತೆಗೀಬಹುದು, ಕೆ ಆದ್ರೆ ಮೂರು, ಡಿ ಆದ್ರೆ ಹತ್ತು ವರ್ಷ. ಆರ್ ಆದ್ರೆ ಶಾಶ್ವತ, ತೆಗೀಲಿಕ್ಕೆ ಇಲ್ಲ. ಯಾವುದು ನೋಡಿ ಹೇಳಿ.

ಪುತ್ತೂರು ಮೊಮ್ಮಗಳು:

ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಎಲ್ ಅಲ್ಲ, ಕೆ ಅಲ್ಲ. ಹೊಟ್ಟೆ ಇದೆ ಅಕ್ಷರಕ್ಕೆ. ಕೆಳಗಡೆ ಶಾಯಿ ಹರಡಿದೆ, ಡಿ ಥರವೂ ಕಾಣುತ್ತೆ, ಆರ್ ಕಾಲು ಇದ್ದ ಹಾಗೂ ಕಾಣುತ್ತೆ. ನಂಬರ್ ಹಾಕಿ ಎಸಿ ಕಚೇರಿಗೆ ಅರ್ಜಿ ಕೊಟ್ಟಿದ್ದೀನಿ, ಎರಡೂ ಅಕ್ಷರ ಬರೆದಿದ್ದೀನಿ. 30 ದಿನಕ್ಕೆ ಇನ್ನು 11 ದಿನ ಇದೆ.